ಸೂಲಗಿತ್ತಿ ಹೋದಳು, 108 ಬಂತು. ನಡುವಿನ ನಲವತ್ತು ನಿಮಿಷ?

ನನ್ನ ಎರಡನೇ ಮಗಳು ಹುಟ್ಟಿದ್ದು ಕುಕ್ಕುವಾಡದ ನಮ್ಮ ಮನೆಯ ಪಡಸಾಲೆಯಲ್ಲಿ. ಹಾಗಂತ ನಾವೇನೂ ಆಸ್ಪತ್ರೆ ಬೇಡ ಅಂದವರಲ್ಲ. ತಾಯಿ ಕಾರ್ಡ್ ಇತ್ತು, ಡಾಕ್ಟರು ಕೊಟ್ಟ ತಾರೀಖಿಗೆ ಇನ್ನೂ ಹತ್ತು ದಿನ ಬಾಕಿ ಇತ್ತು, ಬಟ್ಟೆ ತುಂಬಿದ ಬ್ಯಾಗು ಬಾಗಿಲ ಹಿಂದೆ ತಯಾರಿತ್ತು.

ರಾತ್ರಿ ಎರಡರ ಸುಮಾರಿಗೆ ಹೆಂಡತಿ ಹೊಟ್ಟೆ ಹಿಡಿದುಕೊಂಡು ಎದ್ದು ಕೂತಳು. ಮೊದಲ ಹೆರಿಗೆಯಲ್ಲಿ ಹದಿನಾಲ್ಕು ತಾಸು ಬ್ಯಾನೆ ತಿಂದವಳು. ಈ ಸಲವೂ ಹಾಗೇ ಅಂದುಕೊಂಡು 108ಕ್ಕೆ ಫೋನ್ ಮಾಡಿ, ಚಹಾಕ್ಕೆ ನೀರಿಟ್ಟೆ. ನೀರು ಕುದಿಯುವಷ್ಟರಲ್ಲಿ ಅವಳ ಕೂಗೇ ಬೇರೆಯಾಗಿತ್ತು.

ಅದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಕಾಲ. ರಸ್ತೆ ತುಂಬ ಟ್ರ್ಯಾಕ್ಟರ್‌ಗಳು. ಗಾಡಿ ಹೊರಟಿದೆ ಅಂತ ಫೋನಿನಲ್ಲಿ ಹೇಳುತ್ತಿದ್ದರು, ಅವರ ತಪ್ಪೇನೂ ಇರಲಿಲ್ಲ. ಅಮ್ಮ ಓಡಿಹೋಗಿ ಎರಡು ಮನೆ ಆಚೆಗಿನ ಅಜ್ಜಿಯನ್ನು ಎಬ್ಬಿಸಿಕೊಂಡು ಬಂದಳು. ವಯಸ್ಸು ಎಂಬತ್ತರ ಹತ್ತಿರ. ಹರೆಯದಲ್ಲಿ ಊರ ಸೂಲಗಿತ್ತಿಯ ಜೊತೆ ಹೆರಿಗೆ ಮನೆಗಳಿಗೆ ಹೋಗುತ್ತಿದ್ದವಳು.

ಅಜ್ಜಿ ಬಂದವಳೇ ನನ್ನ ಕೈಗೆ ಸೋಪು ಕೊಟ್ಟು, "ಮೊಳಕೈ ತನಕ ತೊಳಕಾ" ಅಂದಳು. ಆಮೇಲೆ ಎಲ್ಲರಿಗೂ ಕೇಳುವಂತೆ, "ಯಾರೂ ಎಳಿಬ್ಯಾಡ್ರಿ. ಅದು ತಾನೇ ಬರ್ತತಿ, ಬಿದ್ದಂಗೆ ಹಿಡಕಂಡ್ರೆ ಸಾಕು." ಮಗು ಬಂತು, ಅತ್ತಿತು. ಒಣ ಬಟ್ಟೆಯಲ್ಲಿ ಒರೆಸಿ ತಾಯಿಯ ಎದೆ ಮೇಲೆ ಮಲಗಿಸಿ ಮೇಲೆ ದುಪ್ಪಟಿ ಹೊದಿಸಿದಳು. ನಾನು ಗಡ್ಡ ಕೆರೆಯುವ ಬ್ಲೇಡು ತರಲು ಹೋದರೆ ಗದರಿದಳು: "ಬಳ್ಳಿ ಮುಟ್ಟಬ್ಯಾಡ. ಗಾಡಿಯೋರು ಬರ್ಲಿ."

ಮೊದಲ ನೋವಿನಿಂದ ಮಗುವಿನ ಅಳುವಿನ ತನಕ ನಲವತ್ತು ನಿಮಿಷ. ಆಮೇಲೆ ಗಾಡಿ ಬಂತು. ಸಿಬ್ಬಂದಿ ಹೊಕ್ಕುಳಬಳ್ಳಿಗೆ ಕ್ಲಿಪ್ ಹಾಕಿ ಕತ್ತರಿಸಿ, ತಾಯಿ ಮಗುವನ್ನು ದಾವಣಗೆರೆಗೆ ಒಯ್ದರು. ನೋವು ಶುರುವಾಗಿ ಮೂರು ತಾಸಿನೊಳಗೆ ಆಗುವುದನ್ನು ವೈದ್ಯರು ಅತಿವೇಗದ ಹೆರಿಗೆ ಅನ್ನುತ್ತಾರೆ. ಮೊದಲೇ ಹೆತ್ತವರಲ್ಲಿ ಇದು ಹೆಚ್ಚು. ತಾಯಿಗೆ ರಕ್ತಸ್ರಾವದ ಅಪಾಯವೂ ಇರುತ್ತದೆ.

ಬಳ್ಳಿ ಕತ್ತರಿಸಲು ಯಾಕೆ ಬಿಡಲಿಲ್ಲ ಅಂತ ಅಜ್ಜಿಯನ್ನು ಆಮೇಲೆ ಕೇಳಿದೆ. ಅವಳ ಮೂರನೇ ಕೂಸಿನ ಬಳ್ಳಿಯನ್ನು ಕುಡುಗೋಲಿನಲ್ಲಿ ಕೊಯ್ದಿದ್ದರಂತೆ. ಎಂಟನೇ ದಿನ ಕೂಸಿನ ದವಡೆ ಕಚ್ಚಿಕೊಂಡಿತಂತೆ. ಅದು ಧನುರ್ವಾಯು. ಆಗ ಜನ ಅದನ್ನು ಗಾಳಿ ಸೋಕಿದ್ದು ಅಂದುಕೊಂಡಿದ್ದರು.

ಅಜ್ಜಿಯ ಈ ಮಾತಿನಲ್ಲೇ ಹಳ್ಳಿ ಹೆರಿಗೆಯ ಚರಿತ್ರೆಯ ಎರಡೂ ಮಗ್ಗಲು ಇವೆ. ಒಂದು ಮಗ್ಗಲು ಸೂಲಗಿತ್ತಿಯ ಕೈಗುಣ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಕಾಸು ಕೇಳದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಇನ್ನೊಂದು ಮಗ್ಗಲು ಕುಡುಗೋಲು. ಎಷ್ಟೇ ಕೈಗುಣ ಇದ್ದರೂ ರಕ್ತ ನಿಲ್ಲದಿದ್ದಾಗ, ಕೂಸು ಅಡ್ಡ ತಿರುಗಿದಾಗ ಸೂಲಗಿತ್ತಿಯ ಹತ್ತಿರ ಮದ್ದಿರಲಿಲ್ಲ, ಆಪರೇಷನ್ನೂ ಇರಲಿಲ್ಲ.

ಸರ್ಕಾರ ಮೊದಲು ಸೂಲಗಿತ್ತಿಯರಿಗೇ ತರಬೇತಿ ಕೊಟ್ಟಿತು. ಕೈ ತೊಳೆಯಲು ಸೋಪು, ಹೊಸ ಬ್ಲೇಡು, ಶುದ್ಧ ದಾರ ಇರುವ ಪೊಟ್ಟಣ ಹಂಚಿತು. 2005ರ ಹೊತ್ತಿಗೆ ದಾರಿ ಬದಲಾಯಿತು. ಗ್ರಾಮೀಣ ಆರೋಗ್ಯ ಅಭಿಯಾನ, ಆಶಾ ಕಾರ್ಯಕರ್ತೆಯರು, ಜನನಿ ಸುರಕ್ಷಾ ಯೋಜನೆ, ಮಡಿಲು ಕಿಟ್ಟು, 2008ರಲ್ಲಿ 108 ಆರೋಗ್ಯ ಕವಚ. ಎಲ್ಲವೂ ಹೇಳಿದ್ದು ಒಂದೇ ಮಾತು: ಆಸ್ಪತ್ರೆಗೆ ಬನ್ನಿ.

ಜನ ಬಂದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆ ನೂರಕ್ಕೆ ಸುಮಾರು 65 ಇತ್ತು. 2019-20ಕ್ಕೆ 97 ಆಯಿತು. ಒಂದು ಲಕ್ಷ ಜೀವಂತ ಜನನಕ್ಕೆ 2001-03ರಲ್ಲಿ 228 ತಾಯಂದಿರು ಸಾಯುತ್ತಿದ್ದರು, 2018-20ಕ್ಕೆ ಅದು 69ಕ್ಕೆ ಇಳಿಯಿತು. ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ತೊಡೆದುಹಾಕಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಪ್ಪಿತು. ಈ ಲೆಕ್ಕ ನೋಡಿದ ಮೇಲೂ ಹಳೇ ಕಾಲವೇ ಚೆನ್ನಾಗಿತ್ತು ಅನ್ನುವವರ ಜೊತೆ ನನ್ನ ತಕರಾರಿದೆ.

ಆದರೆ ಈ ಏರ್ಪಾಡೆಲ್ಲ ನೋವಿಗೂ ಹೆರಿಗೆಗೂ ನಡುವೆ ಟೈಮು ಇರುತ್ತದೆ ಅಂತ ನಂಬಿಕೊಂಡಿದೆ. ಕೂಸು ಕಾಯದಿದ್ದರೆ? 2023ರ ಮೇನಲ್ಲಿ ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಹೊರಟಿದ್ದ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹಾಸನದ ಉದಯಪುರದ ಹತ್ತಿರ ಹೀಗೇ ಆಯಿತು. ಬಸ್ ನಿಲ್ಲಿಸಿ, ಪ್ರಯಾಣಿಕರನ್ನು ಇಳಿಸಿ, ಹೆರಿಗೆ ಮಾಡಿಸಿದ್ದು ಮಹಿಳಾ ಕಂಡಕ್ಟರ್. ಪ್ರಯಾಣಿಕರು ತಮ್ಮಲ್ಲೇ 1,500 ರೂಪಾಯಿ ಕೂಡಿಸಿ ಬಾಣಂತಿಗೆ ಕೊಟ್ಟರು, ಆಮೇಲೆ ಆಂಬುಲೆನ್ಸ್ ಬಂತು. ಅವತ್ತು ಆ ಕಂಡಕ್ಟರ್ ಡ್ಯೂಟಿಯಲ್ಲಿದ್ದದ್ದು ಆ ತಾಯಿಯ ಅದೃಷ್ಟ. ನಮ್ಮ ಓಣಿಯಲ್ಲಿ ಅಜ್ಜಿ ಇದ್ದದ್ದು ನಮ್ಮ ಅದೃಷ್ಟ.

ಅದೃಷ್ಟ ನಂಬಿಕೊಂಡು ಎಷ್ಟು ದಿನ? ಸೂಲಗಿತ್ತಿಯ ಕಸುಬು ಹೋಗಲಿ, ಅದು ಹೋಗಬೇಕಾದದ್ದೇ. ಅವಳ ಜೊತೆ ಓಣಿಯ ತಿಳಿವಳಿಕೆಯೂ ಹೋಗಿದೆ, ತೊಂದರೆ ಇರುವುದು ಅಲ್ಲಿ. ಕೈ ತೊಳೆಯುವುದು, ಎಳೆಯದಿರುವುದು, ಮಗುವನ್ನು ಒರೆಸಿ ತಾಯಿಯ ಎದೆಗೆ ಹಾಕುವುದು, ಬಳ್ಳಿ ಕೊಯ್ಯದಿರುವುದು, ಹೆರಿಗೆಯಾಯಿತು ಅಂತ ಸುಮ್ಮನಾಗದೆ ಇಬ್ಬರನ್ನೂ ಆಸ್ಪತ್ರೆಗೆ ಸೇರಿಸುವುದು. ಇಷ್ಟನ್ನು ಎರಡನೇ ಹೆರಿಗೆಯ ಮನೆಗಳಲ್ಲಿ ಗಂಡಂದಿರಿಗೂ ಹೇಳಿಕೊಟ್ಟರೆ ಸಾಕು. ನನಗಂತೂ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅಜ್ಜಿ ಹೋದ ವರ್ಷ ತೀರಿಕೊಂಡಳು. ಮಗಳಿಗೆ ಈಗ ಮೂರು ವರ್ಷ. ಅಜ್ಜಿಯ ಮನೆ ಕಟ್ಟೆ ಮೇಲೇ ಆಡುತ್ತಾಳೆ.