ಆಸ್ಪತ್ರೆಗಳಲ್ಲಿ ಹಸ್ತಶುದ್ಧಿಯ ಶಿಕ್ಷಣ

ರೋಗವನ್ನು ನೀಗಿಕೊಳ್ಳಲೆಂದು ಹೋದ ಎಡೆಯಲ್ಲಿಯೇ ಹೊಸದೊಂದು ರೋಗವು ಅಂಟಿಕೊಳ್ಳುವುದಾದರೆ ಅದಕ್ಕಿಂತ ದಾರುಣವಾದುದು ಮತ್ತಾವುದಿದ್ದೀತು? ಅಂಥ ರೋಗವನ್ನು ಮಂಚದಿಂದ ಮಂಚಕ್ಕೆ ಹೊತ್ತು ತರುವುದು ಬಹುಮಟ್ಟಿಗೆ ಶುಶ್ರೂಷೆ ಮಾಡುವವರ ಕೈಯೇ ಎಂಬ ಸಂಗತಿಯು ಹೊರಬಿದ್ದು ನೂರೆಪ್ಪತ್ತು ವರ್ಷಗಳ ಮೇಲಾಯಿತು. ಆ ತಿಳಿವಳಿಕೆಯು ಕೈಗಳಿಗೆ ಅಭ್ಯಾಸವಾಗಿ ಇಳಿಯುವುದಕ್ಕೆ ಮಾತ್ರ ಬಹುಕಾಲ ಹಿಡಿಯಿತು. ಆ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಯ ವಿಭಾಗಗಳು ಎರಡಿದ್ದುವು. ಮೊದಲನೆಯದರಲ್ಲಿ ವೈದ್ಯವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯ ಕೆಲಸವನ್ನು ಕಲಿಯುವ ಹೆಂಗಸರೂ ಶಿಕ್ಷಣ ಪಡೆಯುತ್ತಿದ್ದರು. ೧೮೪೬ನೆಯ ಇಸವಿಯಲ್ಲಿ ಮೊದಲನೆಯ ವಿಭಾಗದ ಬಾಣಂತಿಯರಲ್ಲಿ ನೂರಕ್ಕೆ ಹನ್ನೊಂದು ಮಂದಿಗಿಂತ ಹೆಚ್ಚಾಗಿಯೂ ಎರಡನೆಯದರಲ್ಲಿ ನೂರಕ್ಕೆ ಮೂವರಿಗಿಂತ ಕಡಮೆಯಾಗಿಯೂ ಮರಣ ಹೊಂದಿದರು. ಇದನ್ನು ಊರಿನ ಬಡ ಹೆಂಗಸರು ಬಲ್ಲರು. ಮೊದಲನೆಯ ವಿಭಾಗಕ್ಕೆ ತಮ್ಮನ್ನು ಸೇರಿಸಬೇಡಿರೆಂದು ಅವರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರಂತೆ. ಪಂಡಿತರು ಗಾಳಿಯನ್ನೂ ಹವೆಯನ್ನೂ ದೂರುತ್ತಿದ್ದ ಕಾಲದಲ್ಲಿ ಅಕ್ಷರ ಬಾರದ ಗರ್ಭಿಣಿಯರಿಗೆ ಗೊತ್ತಿದ್ದ ಸತ್ಯವಿದು!

ಅಲ್ಲಿ ಸಹಾಯಕವೈದ್ಯನಾಗಿದ್ದ ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ಹಂಗೇರಿಯ ತರುಣನು ಈ ಭೇದಕ್ಕೆ ಕಾರಣವನ್ನು ಹುಡುಕುತ್ತಿದ್ದನು. ಹೀಗಿರಲು ೧೮೪೭ರ ಮಾರ್ಚಿಯಲ್ಲಿ ಆತನ ಮಿತ್ರನಾದ ಕೊಲೆಚ್ಕಾ ಎಂಬ ವೈದ್ಯನು, ಶವಪರೀಕ್ಷೆಯ ಕಾಲದಲ್ಲಿ ಶಿಷ್ಯನೊಬ್ಬನ ಚೂರಿಯು ಬೆರಳಿಗೆ ತಗುಲಿ, ನಂಜೇರಿ ಮೃತನಾದನು. ಆ ದೇಹದಲ್ಲಿ ಕಂಡುಬಂದ ವಿಕಾರಗಳು ಬಾಣಂತಿನಂಜಿನಿಂದ ಸತ್ತವರಲ್ಲಿ ಕಂಡಂಥವೇ ಆಗಿದ್ದುವು. ವಿದ್ಯಾರ್ಥಿಗಳು ಶವಪರೀಕ್ಷೆಯ ಕೊಠಡಿಯಿಂದ ನೆಟ್ಟಗೆ ಗರ್ಭಿಣಿಯರ ಬಳಿಗೆ ಬರುತ್ತಿದ್ದರೆಂಬುದು ಆಗ ಸೆಮ್ಮೆಲ್ವೈಸನ ಮನಸ್ಸಿಗೆ ಹೊಳೆಯಿತು. ಆ ವರ್ಷದ ಮೇ ತಿಂಗಳಿಂದ, ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದ ಹೊರತು ಯಾರೂ ಗರ್ಭಿಣಿಯನ್ನು ಮುಟ್ಟಕೂಡದೆಂದು ಕಟ್ಟಳೆಮಾಡಿದನು. ಏಪ್ರಿಲಿನಲ್ಲಿ ನೂರಕ್ಕೆ ೧೮ಕ್ಕೆ ಏರಿದ್ದ ಮರಣವು ಜೂನಿನಲ್ಲಿ ಸುಮಾರು ಎರಡಕ್ಕೆ ಇಳಿಯಿತು.

ಆದರೂ ಪಾಠವು ಪೂರ್ತಿಯಾಗಿರಲಿಲ್ಲ. ಅದೇ ಅಕ್ಟೋಬರಿನಲ್ಲಿ ಮೊದಲನೆಯ ಮಂಚದಲ್ಲಿ ಗರ್ಭಕೋಶದ ಅರ್ಬುದದಿಂದ ಕೀವು ಸೋರುತ್ತಿದ್ದ ಒಬ್ಬ ಹೆಂಗಸಿದ್ದಳು. ಪರೀಕ್ಷೆಯು ಅವಳಿಂದಲೇ ಆರಂಭವಾಗುತ್ತಿತ್ತು. ಅವಳನ್ನು ಮುಟ್ಟಿದವರು ಬರಿಯ ಸಾಬೂನಿನಿಂದ ಕೈ ತೊಳೆದು ಮುಂದಿನ ಮಂಚಗಳಿಗೆ ಹೋದರು. ಅವಳೊಡನೆ ಹೆರಿಗೆಯಾದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ತೀರಿಕೊಂಡರು. ವಿಷವು ಹೆಣದಿಂದ ಮಾತ್ರವಲ್ಲದೆ ಜೀವಂತ ದೇಹದಿಂದಲೂ ಬರುವುದೆಂದು ಅಂದು ತಿಳಿಯಿತು. ಅಂದಿನಿಂದ ಒಬ್ಬ ರೋಗಿಯನ್ನು ಬಿಟ್ಟು ಇನ್ನೊಬ್ಬ ರೋಗಿಯನ್ನು ಮುಟ್ಟುವ ಮೊದಲು ಸುಣ್ಣದ ನೀರಿನಲ್ಲಿ ತೊಳೆಯಬೇಕೆಂಬ ನಿಯಮವಾಯಿತು. ೧೮೪೮ರಲ್ಲಿ ಹೆತ್ತ ೩೫೫೬ ಮಂದಿಯಲ್ಲಿ ಸತ್ತವರು ೪೫ ಮಂದಿ ಮಾತ್ರ.

ಇಷ್ಟಾದ ಮೇಲೂ ಆತನ ವಿಧಾನವು ನೆಲೆಗೊಳ್ಳಲಿಲ್ಲ. ೧೮೪೯ರಲ್ಲಿ ಆತನ ಉದ್ಯೋಗದ ಅವಧಿಯನ್ನು ಮುಂದುವರಿಸದೆ ಬಿಟ್ಟರು. ತಮ್ಮ ಕೈಯೇ ಕೊಂದಿತೆಂಬ ಮಾತನ್ನು ಹಿರಿಯ ವೈದ್ಯರು ಸಹಿಸಲಾರದೆಹೋದರೆಂಬುದು ನಿಜ. ಆದರೆ ಸೆಮ್ಮೆಲ್ವೈಸನಲ್ಲಿಯೂ ಕೊರತೆಯಿತ್ತೆಂದು ನನಗೆ ತೋರುತ್ತದೆ. ಆತನು ಆಜ್ಞೆಮಾಡಿದನು, ಕಾವಲುನಿಂತನು, ವಿರೋಧಿಗಳನ್ನು ಕಟುವಾಗಿ ನಿಂದಿಸಿದನು. ಕಾರಣವನ್ನು ಎಲ್ಲರಿಗೂ ಮನಗಾಣಿಸುವ ಗ್ರಂಥವು ೧೮೬೧ರವರೆಗೂ ಹೊರಬರಲಿಲ್ಲ. ೧೮೬೫ರಲ್ಲಿ ಹುಚ್ಚಾಸ್ಪತ್ರೆಯೊಂದರಲ್ಲಿ ಆತನು ಮರಣ ಹೊಂದಿದನು.

೧೮೬೦ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಎಂಬಾಕೆಯು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯನ್ನು ಏರ್ಪಡಿಸಿದಳು. ಮಂಚದ ಬಳಿಯ ಸೇವೆಯು ಕಲಿತು ಮಾಡಬೇಕಾದ ವಿದ್ಯೆಯೆಂಬ ಭಾವನೆಯು ಆ ಶಾಲೆಯಿಂದ ಬಲಗೊಂಡಿತು. ೧೮೬೭ರಲ್ಲಿ ಲಿಸ್ಟರನು ಗಾಯಗಳಿಗೆ ಕಾರ್ಬಾಲಿಕ್ ಆಮ್ಲದ ಉಪಯೋಗವನ್ನು ಪ್ರಕಟಿಸಿದನು. ೧೮೭೯ರಲ್ಲಿ ಪಾಶ್ಚರನು ಬಾಣಂತಿನಂಜಿನ ಸೂಕ್ಷ್ಮಜೀವಿಯನ್ನು ಪ್ಯಾರಿಸ್ಸಿನ ವೈದ್ಯರ ಸಭೆಯಲ್ಲಿ ಚಿತ್ರಬರೆದು ತೋರಿಸಿದನು. ಇಷ್ಟರಿಂದ ಸಂಶಯವೆಲ್ಲ ತೀರಿತು.

ಸಂಶಯವು ತೀರಿದರೂ ಅಭ್ಯಾಸವು ಬರಲಿಲ್ಲವೆಂಬುದಕ್ಕೆ ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ವಿಶ್ವವಿದ್ಯಾಲಯದ ಆಸ್ಪತ್ರೆಯು ಸಾಕ್ಷಿ. ೧೯೯೪ರ ಡಿಸೆಂಬರಿನಲ್ಲಿ ಡಿಡಿಯೆ ಪಿಟೆ ಎಂಬ ವೈದ್ಯರೂ ಅವರ ಸಂಗಡಿಗರೂ ಆ ಆಸ್ಪತ್ರೆಯಲ್ಲಿ ಎಣಿಸಿ ನೋಡಲು, ಕೈ ಶುದ್ಧಿಮಾಡಬೇಕಾದ ನೂರು ಸಂದರ್ಭಗಳಲ್ಲಿ ೪೮ರಲ್ಲಿ ಮಾತ್ರ ಹಾಗೆ ಮಾಡಿದ್ದು ಕಂಡುಬಂದಿತು. ಸುಶಿಕ್ಷಿತರಾದ ದಾದಿಯರೂ ವೈದ್ಯರೂ ಇರುವ ಸಂಪನ್ನ ದೇಶದಲ್ಲಿಯೇ ಈ ಸ್ಥಿತಿ! ಅವರನ್ನು ಸೋಮಾರಿಗಳೆಂದು ಬೈದು ಸುಮ್ಮನಾಗುವುದು ಸುಲಭವಾಗಿತ್ತು. ಪಿಟೆಯವರು ಹಾಗೆ ಮಾಡದೆ ಲೆಕ್ಕಹಾಕಿದರು. ತೀವ್ರನಿಗಾ ವಿಭಾಗದ ದಾದಿಗೆ ಒಂದು ಗಂಟೆಯಲ್ಲಿ ಇಪ್ಪತ್ತಕ್ಕೂ ಹೆಚ್ಚುಸಾರಿ ಕೈ ಶುದ್ಧಿಮಾಡುವ ಪ್ರಸಂಗ ಬರುತ್ತಿತ್ತು. ಕೊಳಾಯಿಯ ಬಳಿಗೆ ಹೋಗಿ, ಸಾಬೂನು ಹಚ್ಚಿ, ತೊಳೆದು, ಒರಸಿಕೊಂಡು ಬರಲು ಪ್ರತಿಸಾರಿಯೂ ಒಂದು ನಿಮಿಷಕ್ಕೆ ಕಡಮೆಯಿಲ್ಲ. ಹಾಗೆ ಮಾಡಹೊರಟರೆ ರೋಗಿಯನ್ನು ನೋಡಿಕೊಳ್ಳುವ ಹೊತ್ತೇ ಕರಗಿಹೋಗುತ್ತಿತ್ತು.

ಆದುದರಿಂದ ಅವರು ಕೊಳಾಯಿಯನ್ನೇ ಮಂಚದ ಬಳಿಗೆ ತಂದರೆನ್ನಬಹುದು. ಕೈಗೆ ಉಜ್ಜಿಕೊಂಡರೆ ಅರ್ಧನಿಮಿಷದೊಳಗೆ ಆರಿಹೋಗುವ ಮದ್ಯಸಾರದ ದ್ರವವನ್ನು ಸೀಸೆಗಳಲ್ಲಿ ತುಂಬಿ ಮಂಚಗಳ ಬಳಿಯಲ್ಲಿಟ್ಟರು. ಜೇಬಿನಲ್ಲಿಟ್ಟುಕೊಳ್ಳುವ ಚಿಕ್ಕ ಸೀಸೆಗಳನ್ನೂ ಕೊಟ್ಟರು. ಗೋಡೆಗಳ ಮೇಲೆ ತೂಗುಹಾಕುವ ಸಚಿತ್ರ ಫಲಕಗಳ ವಿಷಯವನ್ನು ಆಸ್ಪತ್ರೆಯ ಕೆಲಸಗಾರರೇ ಸೂಚಿಸಿದರು. ಎಣಿಕೆಯ ಫಲವನ್ನು ಆಗಾಗ್ಗೆ ಅವರವರಿಗೇ ತಿಳಿಯಪಡಿಸುತ್ತಿದ್ದರು. ೧೯೯೭ರ ಕೊನೆಯ ಹೊತ್ತಿಗೆ ೪೮ ಇದ್ದುದು ೬೬ ಆಯಿತು. ಆಸ್ಪತ್ರೆಯಲ್ಲಿಯೇ ಸೋಂಕು ತಗುಲಿದ ರೋಗಿಗಳು ೧೯೯೪ರಲ್ಲಿ ನೂರಕ್ಕೆ ಸುಮಾರು ೧೭ ಮಂದಿ ಇದ್ದವರು ೧೯೯೮ರಲ್ಲಿ ೧೦ಕ್ಕೆ ಇಳಿದರು. ದಾದಿಯರೂ ಅವರ ಸಹಾಯಕರೂ ಚೆನ್ನಾಗಿ ತಿದ್ದಿಕೊಂಡರು. ವೈದ್ಯರು ಮಾತ್ರ ಹೆಚ್ಚಾಗಿ ತಿದ್ದಿಕೊಳ್ಳಲಿಲ್ಲ. ವಿಯೆನ್ನಾ ನಗರದ ಕಥೆಯನ್ನು ಓದಿದವರಿಗೆ ಇದರಿಂದ ಆಶ್ಚರ್ಯವಾಗಲಾರದು.

ವಿಶ್ವ ಆರೋಗ್ಯ ಸಂಸ್ಥೆಯು ೨೦೦೯ರಲ್ಲಿ ಪ್ರಕಟಿಸಿದ ನಿಯಮಗಳಲ್ಲಿ ಕೈ ಶುದ್ಧಿಮಾಡಬೇಕಾದ ಹೊತ್ತುಗಳನ್ನು ಐದೆಂದು ಹೇಳಿದೆ: ರೋಗಿಯನ್ನು ಮುಟ್ಟುವ ಮೊದಲು, ಶುದ್ಧವಾಗಿ ಮಾಡಬೇಕಾದ ಚಿಕಿತ್ಸೆಗೆ ಮೊದಲು, ರಕ್ತವೇ ಮೊದಲಾದ ದೇಹದ್ರವಗಳ ಸಂಪರ್ಕವಾಗಿರಬಹುದಾದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಆತನ ಮಂಚ ಮೊದಲಾದುವನ್ನು ಮುಟ್ಟಿದ ಮೇಲೆ. ಕೈಬೆರಳುಗಳ ಮೇಲೆ ಎಣಿಸಿ ಕಲಿಸಬಹುದಾದಷ್ಟೇ ಇವು. ಮದ್ಯಸಾರ, ಗ್ಲಿಸರಿನ್, ಹೈಡ್ರೊಜನ್ ಪೆರಾಕ್ಸೈಡ್, ಶುದ್ಧಜಲ ಇವುಗಳಿಂದ ಆ ದ್ರವವನ್ನು ಸಿದ್ಧಪಡಿಸುವ ಕ್ರಮವನ್ನೂ ಆ ಸಂಸ್ಥೆಯು ಎಲ್ಲರಿಗೂ ಬಿಚ್ಚಿ ಹೇಳಿರುವುದರಿಂದ, ಬಡದೇಶಗಳ ಆಸ್ಪತ್ರೆಗಳವರು ತಮ್ಮ ಔಷಧಶಾಲೆಯಲ್ಲಿಯೇ ಅದನ್ನು ಬೆರೆಸಿಕೊಳ್ಳಬಹುದಾಗಿದೆ. ಗ್ಲಿಸರಿನ್ನನ್ನು ಸೇರಿಸುವುದು ದಿನವೆಲ್ಲ ಉಜ್ಜಿಕೊಳ್ಳುವ ದಾದಿಯ ಕೈ ಒಡೆಯದಿರಲೆಂದು.