ಭೂಮಿ (ಗಣಕೀಕೃತ ಪಹಣಿ ಯೋಜನೆ)

'ಭೂಮಿ' ಎಂಬುದು ಕೃಷಿ ಜಮೀನುಗಳ ಹಕ್ಕುದಾಖಲೆಗಳನ್ನು ಗಣಕಯಂತ್ರದಲ್ಲಿ ದಾಖಲಿಸಿ, ರೈತರಿಗೆ ಮುದ್ರಿತ ಪ್ರತಿ ನೀಡಲು ಕರ್ನಾಟಕ ಸರ್ಕಾರದ ಕಂದಾಯ ಇಲಾಖೆ ರೂಪಿಸಿದ ಯೋಜನೆ. ಇದರ ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ (ಎನ್‌ಐಸಿ) ಕರ್ನಾಟಕ ಘಟಕವು ಸಿದ್ಧಪಡಿಸಿತು. ಯೋಜನೆಯ ಅನುಷ್ಠಾನದಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಪ್ರಮುಖ ಪಾತ್ರ ವಹಿಸಿದರು.

ಹಿನ್ನೆಲೆ

ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಆಕಾರ, ಹಕ್ಕುದಾರರ ಹೆಸರು, ಬೆಳೆ ಹಾಗೂ ಸಾಲದ ವಿವರಗಳನ್ನು ಒಳಗೊಂಡ ದಾಖಲೆಗೆ ಪಹಣಿ ಅಥವಾ ಆರ್‌ಟಿಸಿ ಎಂದು ಹೆಸರು. ಹಿಂದೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಸೀಮೆಯಲ್ಲಿ ಇದನ್ನು 'ಉತಾರ' ಎಂದೂ, ಇದನ್ನು ಬರೆದಿಡುತ್ತಿದ್ದ ಗ್ರಾಮ ಲೆಕ್ಕಿಗರನ್ನು 'ತಲಾಠಿ' ಎಂದೂ ಕರೆಯುವುದು ರೂಢಿ. ಬೆಳೆಸಾಲ, ಜಮೀನಿನ ಮಾರಾಟ, ವಾರಸಾ ನೋಂದಣಿ, ನ್ಯಾಯಾಲಯದ ವ್ಯವಹಾರ ಮುಂತಾದವುಗಳಿಗೆ ಉತಾರ ಅವಶ್ಯಕ. ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿಯೇ ಇವು ಇರುತ್ತಿದ್ದುದರಿಂದ ವಿಳಂಬ, ಲಂಚ ಹಾಗೂ ತಿದ್ದುಪಡಿಗಳಿಗೆ ಅವಕಾಶವಿತ್ತು. ಬಿತ್ತನೆಯ ಹೊತ್ತಿಗೆ ಉತಾರ ಕೈಸೇರದಿದ್ದರೆ ರೈತನಿಗೆ ಸಾಲವೂ ದೊರೆಯುತ್ತಿರಲಿಲ್ಲ.

ಅನುಷ್ಠಾನ

2002ರ ವೇಳೆಗೆ ರಾಜ್ಯದ ಎಲ್ಲ ತಾಲೂಕುಗಳಲ್ಲಿಯೂ ಯೋಜನೆ ಜಾರಿಗೆ ಬಂದಿತು. ಸುಮಾರು 67 ಲಕ್ಷ ಭೂಮಾಲೀಕರಿಗೆ ಸಂಬಂಧಿಸಿದ 2 ಕೋಟಿಯಷ್ಟು ದಾಖಲೆಗಳು ಕನ್ನಡದಲ್ಲಿ ಗಣಕೀಕೃತಗೊಂಡವು. ಅನಂತರ ಕೈಬರಹದ ಪಹಣಿಗೆ ಮಾನ್ಯತೆ ರದ್ದಾಯಿತು. ತಾಲೂಕು ಕಚೇರಿಯ ಪಹಣಿ ಕೇಂದ್ರದಲ್ಲಿ ಆರಂಭದಲ್ಲಿ 15 ರೂಪಾಯಿ ಶುಲ್ಕ ನೀಡಿ ಯಾರು ಬೇಕಾದರೂ ಪ್ರತಿ ಪಡೆಯಬಹುದಾಗಿತ್ತು.

ಕಾರ್ಯವಿಧಾನ

ಮಾರಾಟ, ಹಿಸ್ಸೆ ಅಥವಾ ವಾರಸಾ ಕಾರಣದಿಂದ ಹಕ್ಕು ಬದಲಾದಾಗ ಅರ್ಜಿಯನ್ನು ತಂತ್ರಾಂಶದಲ್ಲಿ ದಾಖಲಿಸಲಾಗುತ್ತದೆ. ಮೊದಲು ಬಂದ ಅರ್ಜಿಯೇ ಮೊದಲು ವಿಲೇವಾರಿಯಾಗುವಂತೆ ತಂತ್ರಾಂಶವನ್ನು ರಚಿಸಲಾಗಿದೆ. ಸಂಬಂಧಪಟ್ಟವರಿಗೆ ನೋಟಿಸು ನೀಡಿ, ಆಕ್ಷೇಪಣೆಯ ಅವಧಿ ಮುಗಿದ ಬಳಿಕ ಅಧಿಕಾರಿಯು ಆದೇಶ ಮಾಡುತ್ತಾನೆ. ಯಾರು ತಿದ್ದುಪಡಿ ಮಾಡಿದರೆಂಬುದನ್ನು ಖಚಿತಪಡಿಸಿಕೊಳ್ಳಲು ಸಿಬ್ಬಂದಿಯ ಬೆರಳಚ್ಚು ಪರಿಶೀಲನೆಯನ್ನು ಅಳವಡಿಸಲಾಯಿತು. ಮುಂದೆ ನೋಂದಣಿ ಇಲಾಖೆಯ 'ಕಾವೇರಿ' ಹಾಗೂ ಭೂಮಾಪನ ಇಲಾಖೆಯ 'ಮೋಜಿಣಿ' ತಂತ್ರಾಂಶಗಳೊಡನೆ ಇದನ್ನು ಜೋಡಿಸಲಾಯಿತು.

ಮಿತಿಗಳು

ಹಳೆಯ ಪುಸ್ತಕದಲ್ಲಿದ್ದ ತಪ್ಪು ಹೆಸರು, ತಪ್ಪು ವಿಸ್ತೀರ್ಣಗಳು ಗಣಕಯಂತ್ರಕ್ಕೂ ಹಾಗೆಯೇ ಬಂದವು. ತೀರಿಕೊಂಡ ಹಿರಿಯರ ಹೆಸರಿನಲ್ಲಿಯೇ ಉಳಿದ ಜಮೀನುಗಳಿಗೆ ವಾರಸಾ ಆಗುವವರೆಗೆ ಸಾಗುವಳಿದಾರರಿಗೆ ಸಾಲಸೌಲಭ್ಯ ಕಷ್ಟ. ಆರಂಭದಲ್ಲಿ ಪಹಣಿ ಕೇಂದ್ರಗಳು ತಾಲೂಕು ಸ್ಥಳದಲ್ಲಿ ಮಾತ್ರ ಇದ್ದುದರಿಂದ, ಆಗ ನವಲಗುಂದ ತಾಲೂಕಿಗೆ ಸೇರಿದ್ದ ಅಣ್ಣಿಗೇರಿ ಭಾಗದ ರೈತರು ನವಲಗುಂದಕ್ಕೆ ಹೋಗಬೇಕಾಗುತ್ತಿತ್ತು. ಅನಂತರ ನಾಡಕಚೇರಿಗಳಲ್ಲಿಯೂ ಸೇವೆ ಆರಂಭವಾಯಿತು; ಈಗ ಅಂತರಜಾಲದಲ್ಲಿಯೂ ಪಹಣಿ ನೋಡಬಹುದು.

ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 133ನೆಯ ಕಲಮಿನಂತೆ, ವಿರುದ್ಧವಾದುದು ರುಜುವಾತಾಗುವವರೆಗೆ ಹಕ್ಕುದಾಖಲೆಯ ನಮೂದು ಸರಿಯೆಂದೇ ಭಾವಿಸಬೇಕು. ಆದರೆ ಪಹಣಿಯೊಂದೇ ಮಾಲೀಕತ್ವದ ಅಂತಿಮ ಪುರಾವೆಯಲ್ಲ. ಆದ್ದರಿಂದ ಪ್ರತಿ ಪಡೆದೊಡನೆ ಹೆಸರು, ಸರ್ವೆ ನಂಬರು ಮತ್ತು ವಿಸ್ತೀರ್ಣಗಳನ್ನು ಮೂಲ ಕಾಗದಪತ್ರಗಳೊಡನೆ ತಾಳೆ ನೋಡುವುದು ಅವಶ್ಯ.