ಬ್ರೇಕ್ ಪೈಪಿನ ಕಚ್ಚಿಕೊಂಡ ನಟ್ ಬಿಚ್ಚುವುದು

ಕಾರಿನ ಬ್ರೇಕ್ ಆಯಿಲ್ ಸಾಗುವ ಉಕ್ಕಿನ ಸಣ್ಣ ಪೈಪನ್ನು ಚಕ್ರದ ಸಿಲಿಂಡರಿಗೋ ರಬ್ಬರ್ ಹೋಸಿಗೋ ಜೋಡಿಸುವ ಫ್ಲೇರ್ ನಟ್ ತುಕ್ಕು ಹಿಡಿದು ಕೂತಾಗ, ಅಥವಾ ಅದರ ಮೂಲೆ ಸವೆದು ಗುಂಡಗಾದಾಗ ಮಾಡುವ ರಿಪೇರಿ. ಈ ನಟ್ ಹೆಚ್ಚಾಗಿ 10 ಅಥವಾ 11 ಮಿ.ಮೀ. ಅಳತೆಯದು. ನಡುವೆ ಪೈಪ್ ಹಾಯುವುದರಿಂದ ಅದರ ಗೋಡೆ ತೆಳು. ಸಾದಾ ಓಪನ್ ಸ್ಪ್ಯಾನರ್ ಎರಡೇ ಮುಖ ಹಿಡಿದು ಜಾರುತ್ತದೆ. ಮೂಲೆ ಹಾಳಾಗುವುದು ಬಹುಪಾಲು ಇದರಿಂದಲೇ. ಪೈಪ್ ತೂರುವಷ್ಟೇ ಬಾಯಿರುವ ಫ್ಲೇರ್ ನಟ್ ಸ್ಪ್ಯಾನರ್ ಐದು ಮುಖಗಳನ್ನು ಅಪ್ಪಿ ಹಿಡಿಯುತ್ತದೆ.

ಮೊದಲು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸಾಧ್ಯವಾದರೆ ರಾತ್ರಿಯಿಡೀ ನೆನೆಯಲು ಬಿಡಬೇಕು. ಹೋಸಿನ ತುದಿಯನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದು, ನಟ್ಟನ್ನು ಕೂದಲೆಳೆಯಷ್ಟು ಬಿಗಿಮಾಡಿ, ಮತ್ತೆ ಸಡಿಲಿಸಿ, ಹಿಂದೆಮುಂದೆ ಆಡಿಸಬೇಕು. ಆಗ ಕಣ್ಣು ಪೈಪಿನ ಮೇಲಿರಲಿ: ನಟ್ ಪೈಪಿಗೇ ಅಂಟಿದ್ದರೆ ಪೈಪೂ ತಿರುಚಿಕೊಳ್ಳುತ್ತದೆ. ತಿರುಚಿದ ಪೈಪನ್ನು ಮತ್ತೆ ಬಳಸಲೇಕೂಡದು.

ಮೂಲೆ ಪೂರ್ತಿ ಹೋಗಿದ್ದರೆ ಲಾಕಿಂಗ್ ಪ್ಲೈಯರ್ ಉಳಿಯುತ್ತದೆ. ಪೈಪೂ ತುಕ್ಕು ತಿಂದಿದ್ದರೆ ಅದನ್ನು ನಟ್ಟಿನ ಪಕ್ಕದಲ್ಲೇ ಕತ್ತರಿಸಿ, ಆರು ಮೂಲೆಯ ಸಾಕೆಟ್ ಬಡಿದು ಕೂರಿಸಿ ತಿರುಗಿಸುವುದೇ ಜಾಣತನ. ಬೆಂಕಿಯಲ್ಲಿ ಕಾಯಿಸುವ ರೂಢಿ ಅಪಾಯಕಾರಿ. ಬಿಸಿಯಾದ ಬ್ರೇಕ್ ಆಯಿಲ್ ಹೊತ್ತಿಕೊಳ್ಳಬಲ್ಲದು, ರಬ್ಬರ್ ಭಾಗಗಳು ಕೆಡುತ್ತವೆ. ಬಾಡಿಯ ಮೇಲೆ ಚೆಲ್ಲಿದ ಆಯಿಲ್ ಪೇಂಟ್ ತಿನ್ನುವುದರಿಂದ ತಕ್ಷಣ ನೀರಿನಿಂದ ತೊಳೆಯಬೇಕು. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಕಾರುಗಳಿಗೆ ತುಕ್ಕು ಹಿಡಿಯದ ತಾಮ್ರ-ನಿಕಲ್ ಪೈಪ್ ಒಳ್ಳೆಯದು. ಜೋಡಿಸಿದ ಮೇಲೆ ಲೈನಿನ ಏರ್ ತೆಗೆದು, ಪೆಡಲ್ ಒತ್ತಿಹಿಡಿದು ಸೋರಿಕೆ ಪರೀಕ್ಷಿಸದೆ ಗಾಡಿ ರಸ್ತೆಗಿಳಿಯಬಾರದು.